ಮಡಿಕೇರಿ ನಂಬರಿನ ಗಾಡಿ

ಭಾನುವಾರ ಬೆಳಿಗ್ಗೆ ಹನ್ನೊಂದಾಗುತ್ತಿದ್ದಂತೆ ನನಗೆ ಈಗಲೂ ಹಸಿವಾಗುತ್ತದೆ. ತಿಂಡಿ ತಿಂದು ಎರಡು ಗಂಟೆಯೂ ಆಗಿರುವುದಿಲ್ಲ. ಮನೆಯವರು ತಮಾಷೆ ಮಾಡುತ್ತಾರೆ, ನಿಮ್ಮ ಹೊಟ್ಟೆಯಲ್ಲಿ ಇನ್ನೊಬ್ಬರು ಯಾರೋ ಇದ್ದಾರೆ ಅಂತ. ದೆಹಲಿಯಲ್ಲಿದ್ದಾಗ ಒಂದು ವರ್ಷಕ್ಕೂ ಹೆಚ್ಚು ಕಾಲ, ಪ್ರತಿ ಭಾನುವಾರ ಆ ಹೊತ್ತಿಗೆ, ಕಿದ್ವಾಯಿ ನಗರದ ಒಂದು ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ನಾನು ಕೂರುತ್ತಿದ್ದೆ. ಒಳಗಿನಿಂದ ಕನ್ನಡ ಕೇಳುತ್ತಿತ್ತು, ಅಕ್ಕಿ ರೊಟ್ಟಿಯ ವಾಸನೆ ಬರುತ್ತಿತ್ತು. ಆ ಮನೆಯೊಳಗೆ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಹಳೆಯ ಮೋಟಾರ್ ಸೈಕಲ್. ಆ ಮನೆ ಕೈತಪ್ಪಿದ್ದೂ ಅದೇ ಗಾಡಿಯಿಂದ, ನನ್ನ ಬುದ್ಧಿಗೇಡಿತನದಿಂದ.

ನಾನು ದಾವಣಗೆರೆಯವನು. ಎರಡು ಸಾವಿರದ ಮೂರರ ಸುಮಾರಿಗೆ ನೋಯ್ಡಾದ ಒಂದು ಕಾಲ್ ಸೆಂಟರಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕೋಟ್ಲಾದ ಗಲ್ಲಿಯೊಂದರಲ್ಲಿ ಮೂರನೆಯ ಮಹಡಿಯ ಒಂಟಿ ಕೋಣೆ. ಎರಡು ಬಸ್ಸು ಬದಲಾಯಿಸಿ ಆಫೀಸಿಗೆ ಹೋಗಬೇಕು. ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು ನನಗೆ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಇಡೀ ದಿನ ಹಿಂದಿಯಲ್ಲಿ ಬದುಕುವುದು. ನನ್ನ ಹಿಂದಿ ಶಾಲೆಯ ಹಿಂದಿ, ಆಟೋದವನಿಗೂ ‘ಕೃಪಯಾ’ ಎನ್ನುವಂಥದ್ದು. ಅದರಲ್ಲಿ ಟೊಮೆಟೊ ಕೊಳ್ಳಬಹುದು, ರಜೆ ಕೇಳಬಹುದು. ರೇಗಲು ಬರುವುದಿಲ್ಲ, ವಟಗುಟ್ಟಲು ಬರುವುದಿಲ್ಲ, ಯಾರಾದರೂ ಮದ್ರಾಸಿ ಎಂದರೆ ಪಟ್ಟಂತ ತಿರುಗಿಸಿ ಕೊಡಲು ಬರುವುದಿಲ್ಲ. ಸ್ವಭಾವತಃ ಮುಂಗೋಪಿಯಾದ ನಾನು ಅಲ್ಲಿ ಬಲು ಸಾಧು ಮನುಷ್ಯನೆಂದು ಹೆಸರು ಮಾಡಿದ್ದೆ. ಶನಿವಾರ ಅಮ್ಮನಿಗೆ ಫೋನು ಮಾಡಿದಾಗ ಆಡುವ ಹತ್ತು ನಿಮಿಷದ ಮಾತೇ ವಾರದ ಕನ್ನಡ.

ನಮ್ಮ ಗಲ್ಲಿಯಿಂದ ಬಸ್ ಸ್ಟಾಪಿಗೆ ಕಿದ್ವಾಯಿ ನಗರದ ಒಳಗಿನಿಂದ ಹತ್ತಿರದ ದಾರಿಯಿತ್ತು. ನವೆಂಬರಿನ ಒಂದು ಭಾನುವಾರ ಹಾಗೇ ಸುಮ್ಮನೆ ಆ ಕಡೆ ನಡೆಯುತ್ತಿದ್ದೆ. ನೆಲಮಹಡಿಯ ಮನೆಯೊಂದರ ಮುಂದೆ ನೀಲಿ ಟಾರ್ಪಾಲು ಹೊದ್ದು ನಿಂತಿದ್ದ ಗಾಡಿಯ ಹಿಂಭಾಗ ಗಾಳಿಗೆ ತೆರೆದುಕೊಂಡಿತ್ತು. ಕೆಎ ಹನ್ನೆರಡು. ಮಡಿಕೇರಿ. ನಾನು ಮಡಿಕೇರಿ ನೋಡಿದವನೇ ಅಲ್ಲ. ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋದ ವರ್ಷ ನಾನು ಜ್ವರ ಬಂದು ಮಲಗಿದ್ದೆ. ಆದರೂ ಆ ‘ಕೆಎ’ ನೋಡುತ್ತಿದ್ದಂತೆ ಕಣ್ಣು ಒದ್ದೆಯಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ಹಾಗೆ. ಹ್ಯಾಂಡಲಿಗೆ ಕಟ್ಟಿದ್ದ ರಟ್ಟಿನ ಮೇಲೆ ಮಾರಾಟಕ್ಕಿದೆ ಎಂದು ಹಿಂದಿಯಲ್ಲಿ ಬರೆದಿತ್ತು. ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ಕೊಳ್ಳುವ ಯೋಚನೆ ಎರಡು ತಿಂಗಳಿಂದ ತಲೆಯಲ್ಲಿತ್ತು. ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದ ಹೆಂಗಸಿಗೆ ಮೂವತ್ತೈದರ ಮೇಲಿರಬೇಕು. ಕೈಗೆ ಹಿಟ್ಟು ಮೆತ್ತಿತ್ತು. ಗಾಡಿ ಮಾರಾಟಕ್ಕಿದೆಯೇ, ಯಾವ ವರ್ಷದ್ದು, ಬೆಲೆಯೇನು ಎಂದು ದಾರಿಯಲ್ಲೇ ಜೋಡಿಸಿಕೊಂಡಿದ್ದ ಹಿಂದಿಯ ವಾಕ್ಯಗಳನ್ನು ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ಕನ್ನಡದಲ್ಲೇ ಹೇಳಿ, ಪರವಾಗಿಲ್ಲ” ಎಂದರು.

ಅವರನ್ನು ಅಕ್ಕ ಎಂದು ಕರೆಯಲು ನನಗೆ ಹತ್ತು ನಿಮಿಷ ಸಾಕಾಯಿತು. ವಿರಾಜಪೇಟೆ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಕ್ವಾರ್ಟರ್ಸು ಅವರ ಹೆಸರಿನಲ್ಲೇ. ಗಂಡ ಸೈನ್ಯದಲ್ಲಿ ಸುಬೇದಾರರು, ಆಗ ಗಡಿಯ ಕಡೆ ಇದ್ದರು. ಎಂಟು ವರ್ಷದ ಮಗಳೊಬ್ಬಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಗಾಡಿಯನ್ನು ಗಂಡ ಊರಿನಿಂದ ತರಿಸಿಟ್ಟುಕೊಂಡು ಮೂರು ತಿಂಗಳು ಓಡಿಸುವಷ್ಟರಲ್ಲಿ ಬೇರೆ ಕಡೆ ಪೋಸ್ಟಿಂಗ್ ಆಯಿತಂತೆ. ಅಂದಿನಿಂದ ಟಾರ್ಪಾಲಿನಡಿ ನಿಂತಿದೆ. ಮಾಂಸ ತಿನ್ನುತ್ತೀರಾ ಎಂದು ಕೇಳಿದರು. ಇಲ್ಲವೆಂದೆ. ಪಾಪ ಎಂದರು, ನಿಜವಾದ ಮರುಕದಿಂದ. ಆಮೇಲೆ ಅಕ್ಕಿ ರೊಟ್ಟಿ, ಸಿಹಿಗುಂಬಳದ ಪಲ್ಯ. ಮೂರು ಗಂಟೆ ಕೂತಿದ್ದೆ. ಎಷ್ಟು ಮಾತಾಡಿದೆನೆಂದರೆ ಸಂಜೆ ಗಂಟಲು ನೋಯುತ್ತಿತ್ತು.

ಹಳೆಯ ಗಾಡಿ ಕೊಳ್ಳುವಾಗ ಏನೇನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆಫೀಸಿನ ಪಂಜಾಬಿ ಗೆಳೆಯನೊಬ್ಬ ಪಾಠವನ್ನೇ ಮಾಡಿದ್ದ. ಎಂಜಿನ್ ತಣ್ಣಗಿರುವಾಗಲೇ ಹೋಗು, ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದೇ ಅರ್ಥ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ತಿರುಗಿ ಬಾ. ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡು. ಟ್ಯಾಂಕಿನ ಕೆಳಗೆ, ಹ್ಯಾಂಡಲ್ ಕೂರುವ ಕಡೆ, ಟಾರ್ಚು ಬಿಟ್ಟು ನೋಡು. ಬಿದ್ದ ಗಾಡಿಯ ಗುಟ್ಟೆಲ್ಲ ಅಲ್ಲಿರುತ್ತದೆ. ಆರ್‌ಸಿ ಪುಸ್ತಕದ ನಂಬರನ್ನೂ ಚಾಸಿಯ ಮೇಲಿನ ನಂಬರನ್ನೂ ಬೆರಳಿಟ್ಟು ತಾಳೆ ನೋಡು. ಮೆಕ್ಯಾನಿಕ್ ಇಲ್ಲದೆ ಹೋಗಲೇಬೇಡ. ಇಷ್ಟೆಲ್ಲ ನನಗೆ ಬಾಯಿಪಾಠವಾಗಿತ್ತು.

ಅಕ್ಕನೂ ಅದನ್ನೇ ಹೇಳಿದರು. ನನಗೆ ಗಾಡಿಯ ವಿಷಯ ಏನೂ ತಿಳಿಯದು, ಯಾರನ್ನಾದರೂ ಕರೆದುಕೊಂಡು ಬಂದು ತೋರಿಸು, ಓಡಿಸಿ ನೋಡು, ಆಮೇಲೆ ಮಾತು ಎಂದರು. ಮುಂದಿನ ವಾರ ಗಂಡನಿಂದ ಫೋನು ಬಂದಾಗ ನನಗೂ ಕೊಟ್ಟರು. ಅವರೂ ಅದನ್ನೇ ಹೇಳಿದರು. ನನಗೋ ಅದನ್ನು ಕೇಳಿಯೇ ಸಂಕೋಚ. ಆ ಮನೆಯ ರೊಟ್ಟಿ ತಿಂದು ಕೈ ತೊಳೆದುಕೊಂಡು, ಹೊರಗೆ ಬಂದು ಅವರ ಗಾಡಿಯ ಕೆಳಗೆ ಟಾರ್ಚು ಬಿಡುವುದೇ? ಕೋಟ್ಲಾದಿಂದ ಯಾವನೋ ಗಾಡಿ ರಿಪೇರಿಯ ಮಿಸ್ತ್ರಿಯನ್ನು ತಂದು ಅಕ್ಕನ ಎದುರಿಗೇ ಇದು ಸರಿಯಿಲ್ಲ, ಅದು ಸರಿಯಿಲ್ಲ ಎನ್ನಿಸುವುದೇ? ನಮ್ಮ ಕಡೆ ಹೆಣ್ಣು ನೋಡಲು ಹೋದವರು ಕೂಡ ಅಷ್ಟು ನಿರ್ದಾಕ್ಷಿಣ್ಯವಾಗಿ ನಡೆದುಕೊಳ್ಳುವುದಿಲ್ಲ.

“ನಿಮ್ಮ ಗಾಡೀನ ಪರೀಕ್ಷೆ ಮಾಡೋದಾ ಅಕ್ಕ? ನಾವು ನಾವೇ ಹಾಗೆ ಮಾಡಿದ್ರೆ ಹೇಗೆ?” ಎಂದೆ.

ಹಾಗೆ ಹೇಳಿದ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಪ್ಪಿಕೊಂಡೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗಲಿಲ್ಲ. ಬಹಳ ದಿನ ನಿಂತಿದೆಯಲ್ಲ ಎಂದು ನಾನೇ ಸಮಾಧಾನ ಹೇಳಿ, ತಳ್ಳಿಕೊಂಡು ಹೊರಟೆ. ಅಕ್ಕ ಗೇಟಿನ ತನಕ ಬಂದು, ಬರುವ ಭಾನುವಾರ ಬಾ ಎಂದರು.

ಕೋಟ್ಲಾದ ಮಿಸ್ತ್ರಿ ಬಿಳಿ ಗಡ್ಡದ ಮುದುಕ. ಟ್ಯಾಂಕಿನೊಳಗೆ ತುಕ್ಕು, ಬಿರುಕುಬಿಟ್ಟ ಟೈರು, ಕೊಳೆತ ಕೇಬಲ್ಲು, ಇವನ್ನೆಲ್ಲ ಅವನು ಮಾತಿಲ್ಲದೆ ಪಕ್ಕಕ್ಕಿಟ್ಟ. ಟ್ಯಾಂಕ್ ಇಳಿಸಿದ ಮೇಲೆ ಮಾತ್ರ ನನ್ನನ್ನು ಹತ್ತಿರ ಕರೆದ. ಹ್ಯಾಂಡಲ್ ಕೂರುವ ಕೊಳವೆಗೆ ಫ್ರೇಮು ಬಂದು ಸೇರುವ ಕಡೆ, ಬಣ್ಣದಡಿಯಲ್ಲಿ, ಕೂದಲೆಳೆಯಂಥ ಸೀಳು. ಯಾವತ್ತೋ ಜೋರಾಗಿ ಬಿದ್ದಿದೆ ಎಂದ. ಅಕ್ಕನ ಗಂಡ, ಅಂದರೆ ನನ್ನ ಲೆಕ್ಕಕ್ಕೆ ಭಾವ, ಅದನ್ನು ಊರಿನಲ್ಲಿ ಬಿಟ್ಟಿದ್ದ ಎರಡು ವರ್ಷ ಯಾರು ಯಾರೋ ಓಡಿಸಿದ್ದರೆಂದು ಅಕ್ಕ ಹೇಳಿದ್ದು ನೆನಪಾಯಿತು. ಫ್ರೇಮು ಬದಲಾಯಿಸಬೇಕು, ಇಲ್ಲವೇ ಕೊಟ್ಟವರಿಗೆ ವಾಪಸು ಕೊಡು ಎಂದ ಮಿಸ್ತ್ರಿ. ನಾನು ವೆಲ್ಡಿಂಗ್ ಮಾಡು ಎಂದೆ. ಅವನು ಬೈದುಕೊಂಡೇ ಮಾಡಿದ. ಒಬ್ಬನೇ ಓಡಿಸು, ನಿಧಾನ ಓಡಿಸು, ಹಿಂದೆ ಯಾರನ್ನೂ ಕೂರಿಸಬೇಡ, ಈ ಜಾಗ ಮುರಿಯುವ ಮೊದಲು ಸೂಚನೆ ಕೊಡುವುದಿಲ್ಲ ಎಂದ.

ಅದೇ ಸಂಜೆ ಕಿದ್ವಾಯಿ ನಗರಕ್ಕೆ ಹೋಗಿ ಹೇಳಬೇಕಿತ್ತು. ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ದುಡ್ಡು ತಿರುಗಿಸಿ ಕೊಡುತ್ತಾರೆ, ಆಮೇಲೆ ಅವರಿಗೂ ಮುಜುಗರ, ನನಗೂ ಮುಜುಗರ. ಆಮೇಲೆ ಭಾನುವಾರ ಯಾವ ನೆಪ ಇಟ್ಟುಕೊಂಡು ಹೋಗಲಿ? ಇಡೀ ದೆಹಲಿಯಲ್ಲಿ ನನ್ನನ್ನು ಬಾ ಎಂದು ಕರೆದದ್ದು ಅದೊಂದೇ ಬಾಗಿಲು. ಗಾಡಿ ಹೋದರೂ ಚಿಂತೆಯಿಲ್ಲ, ಆ ಬಾಗಿಲು ಮುಚ್ಚಬಾರದು ಎಂದು ನಿಶ್ಚಯಿಸಿಕೊಂಡೆ. ಇವತ್ತು ಬರೆಯುವಾಗ ಎಷ್ಟು ಪೆದ್ದು ಲೆಕ್ಕಾಚಾರವೆನಿಸುತ್ತದೆ. ಅವತ್ತು ಬಹಳ ಸೂಕ್ಷ್ಮ ಮನುಷ್ಯನ ಹಾಗೆ ಯೋಚಿಸುತ್ತಿದ್ದೇನೆಂದೇ ನಂಬಿದ್ದೆ.

ಭಾನುವಾರಗಳು ಬಂದವು. ಎಂಥ ಭಾನುವಾರಗಳು! ಐಎನ್ಎ ಮಾರ್ಕೆಟ್ಟಿನಿಂದ ತೆಂಗಿನಕಾಯಿ, ಕರಿಬೇವು ತಂದುಕೊಡುವುದು ನನ್ನ ಪಾಲಿನ ಕೆಲಸವಾಯಿತು. ಅಕ್ಕ ನನಗೆಂದೇ ಒಂದು ಬಾಣಲೆ ತೆಗೆದಿಟ್ಟರು, ಅದರಲ್ಲಿ ಹಂದಿಮಾಂಸ ಎಂದೂ ಬೇಯಲಿಲ್ಲ. ಅಕ್ಕಿ ತರಿಯ ಕಡಂಬುಟ್ಟು ಉಂಡೆ ಕಟ್ಟಲು ಕಲಿಸಿದರು; ನಾನು ಕಟ್ಟಿದವು ಹಬೆಯಲ್ಲಿ ಒಡೆದುಹೋಗುತ್ತಿದ್ದವು, ಮಗಳು ಅವನ್ನು ಬೇರೆ ತಟ್ಟೆಯಲ್ಲಿಟ್ಟು ‘ಮಾಮಾ ವಾಲಾ’, ಮಾಮನದು, ಎನ್ನುತ್ತಿದ್ದಳು. ಚಳಿಗಾಲದಲ್ಲಿ ಮನೆ ಮುಂದಿನ ಹುಲ್ಲಿನ ಮೇಲೆ ಚಾಪೆ ಹಾಸಿ ಬಟಾಣಿ ಬಿಡಿಸುತ್ತ ಕೂತರೆ ಮಧ್ಯಾಹ್ನ ಕರಗಿದ್ದೇ ತಿಳಿಯುತ್ತಿರಲಿಲ್ಲ. ಆಫೀಸಿನವರನ್ನೆಲ್ಲ ಕನ್ನಡದಲ್ಲಿ ಬೈದು ಹಗುರಾಗುತ್ತಿದ್ದೆ. ಅಕ್ಕ ತಮ್ಮ ಸೆಕ್ಷನ್ ಆಫೀಸರನ್ನು ಬೈಯುತ್ತಿದ್ದರು. ಅದಾದ ಮೇಲೆ ನಾನು ನಾಲ್ಕು ಊರಿನಲ್ಲಿ ಬದುಕಿದ್ದೇನೆ, ಸ್ವಂತ ಮನೆಯೂ ಆಗಿದೆ. ಆದರೂ ಮನೆ ಎಂದರೆ ಮೊದಲು ಕಣ್ಣಿಗೆ ಬರುವುದು ಆ ಹುಲ್ಲು, ಆ ಬಟಾಣಿ ಸಿಪ್ಪೆಯ ರಾಶಿ.

ಪ್ರತಿ ವಾರ ಒಮ್ಮೆ ಅಕ್ಕ ಕೇಳುವರು, ಗಾಡಿ ಹೇಗಿದೆ ಎಂದು. ಬೆಣ್ಣೆಯ ಹಾಗೆ ಓಡುತ್ತದೆ ಎನ್ನುತ್ತಿದ್ದೆ. ಒಮ್ಮೊಮ್ಮೆ ಐಎನ್ಎ ತನಕ ನನ್ನನ್ನೂ ಕೂರಿಸಿಕೊಂಡು ಹೋಗು ಎನ್ನುವರು. ಪೆಟ್ರೋಲ್ ಕಡಿಮೆಯಿದೆ, ಪೊಲೀಸರು ಹೊರರಾಜ್ಯದ ನಂಬರ್ ನೋಡಿ ಹಿಡಿಯುತ್ತಾರೆ, ಹೆಲ್ಮೆಟ್ ಒಂದೇ ಇದೆ, ಹೀಗೆ ವಾರಕ್ಕೊಂದು ಸಬೂಬು. ಹೆಂಗಸರನ್ನು ಹಿಂದೆ ಕೂರಿಸಿಕೊಳ್ಳಲು ನನಗೆ ನಾಚಿಕೆಯೆಂದು ಅವರು ತೀರ್ಮಾನಿಸಿದರು. ಮದುವೆಯಾದ ಮೇಲೆ ಹೆಂಡತಿಯನ್ನು ಬಸ್ಸಿನಲ್ಲಿ ಕಳಿಸುತ್ತೀಯಾ ಎಂದು ಗೇಲಿ ಮಾಡುತ್ತಿದ್ದರು. ನಾನೂ ನಾಚಿದವನ ಹಾಗೆ ತಲೆ ತಗ್ಗಿಸಿ ನಗುತ್ತಿದ್ದೆ. ಸುಳ್ಳು ಹೇಳುವುದಕ್ಕೂ ಆ ಮನೆಯಲ್ಲಿ ಕನ್ನಡ ಎಷ್ಟು ಸಲೀಸಾಗಿ ಬರುತ್ತಿತ್ತು.

ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಭಾವ ರಜೆಯ ಮೇಲೆ ಬಂದರು. ಎತ್ತರದ ಆಳು, ಕಡಿಮೆ ಮಾತು. ಫೋನಿನಲ್ಲಷ್ಟೇ ಕೇಳಿದ್ದ ನನ್ನನ್ನು ಕಂಡು ಹೆಗಲ ಮೇಲೆ ಕೈಯಿಟ್ಟರು. ಅವರಿಲ್ಲದಾಗ ಮನೆಗೊಂದು ಗಂಡು ದಿಕ್ಕಿತ್ತಲ್ಲ ಎಂದು ನೆಮ್ಮದಿಯಿಂದಿದ್ದರಂತೆ. ಅಂಥ ಮಾತನ್ನು ನನ್ನ ಬಗ್ಗೆ ಅದುವರೆಗೆ ಯಾರೂ ಆಡಿರಲಿಲ್ಲ. ಊಟವಾದ ಮೇಲೆ ಹೊರಗೆ ಬಂದು ಗಾಡಿಯನ್ನು ಸುತ್ತ ನೋಡಿದರು, ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಬಾ, ಇಂಡಿಯಾ ಗೇಟ್ ತನಕ ಹೋಗಿ ಬರೋಣ, ಎಷ್ಟು ದಿನವಾಯ್ತು ಎಂದರು. ಅಕ್ಕ ಆಗಲೇ ಶಾಲು ಹೊದ್ದುಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೀಲಿ ನನ್ನ ಜೇಬಿನಲ್ಲಿತ್ತು.

ಆ ಒಂದು ನಿಮಿಷವನ್ನು ಎಷ್ಟು ಸಲ ಮತ್ತೆ ಬದುಕಿದ್ದೇನೋ. ಬೇಡ, ಅದರ ಫ್ರೇಮು ಸೀಳಿದೆ ಎಂದರೆ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ತಿಂಗಳು ಬೆಣ್ಣೆ ಎಂದವನು ಈಗ ಹಾಗೆ ಹೇಳುವುದು ಹೇಗೆ? ಕೈ ತಾನಾಗಿ ಕೀಲಿ ಕೊಟ್ಟಿತು.

“ಬ್ರೇಕ್ ಸ್ವಲ್ಪ ಲೂಸ್ ಇದೆ ಭಾವ, ನಿಧಾನ ಹೋಗಿ” ಎಂದೆ.

ಅರ್ಧ ಸುಳ್ಳೂ ಅಲ್ಲ, ಪೂರಾ ಸುಳ್ಳು. ಆ ಗಾಡಿಯಲ್ಲಿ ಸರಿಯಿದ್ದದ್ದು ಬ್ರೇಕೊಂದೇ.

ಮೆಟ್ಟಿಲ ಮೇಲೆ ಕೂತೆ. ಮಗಳು ಪಕ್ಕದಲ್ಲಿ ಕೂತು ಶಾಲೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅವಳ ಅಪ್ಪ ಅಮ್ಮ ಇಬ್ಬರೂ ಆ ಒಂದು ಗಾಡಿಯ ಮೇಲಿದ್ದಾರೆ ಎಂಬುದು ನನಗೆ ಹೊಳೆದದ್ದು ಅವಳು ಬಣ್ಣದ ಪೆನ್ಸಿಲ್ ಚೂಪು ಮಾಡಿಕೊಡು ಎಂದು ಕೈಗೆ ಕೊಟ್ಟಾಗ. ಚೂಪು ಮಾಡುವಾಗ ಮೊನೆ ಮುರಿಯಿತು. ಮತ್ತೆ ಚೂಪು ಮಾಡಿದೆ, ಮತ್ತೆ ಮುರಿಯಿತು. ಅವಳು ಪೆನ್ಸಿಲ್ ಕಸಿದುಕೊಂಡು ತಾನೇ ಮಾಡಿಕೊಂಡಳು. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ. ಒಂದು ಗಂಟೆ ಕಳೆಯಿತು, ಎರಡಾಯಿತು. ದೇವರೇ, ಅವರು ಬಂದರೆ ಸಾಕು, ಎಲ್ಲ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಬಂದರು, ಆಟೋದಲ್ಲಿ. ಭಾವನ ಪ್ಯಾಂಟು ಮೊಣಕಾಲಿನಲ್ಲಿ ಹರಿದಿತ್ತು. ಅಕ್ಕನ ಎಡಗೈಗೆ ಮುಂಗೈಯಿಂದ ಮೊಣಕೈವರೆಗೆ ಹಸಿ ಪ್ಲಾಸ್ಟರು. ಕಾಲೊನಿ ದಾಟಿ ದೊಡ್ಡ ರಸ್ತೆಗೆ ಬರುತ್ತಿದ್ದಂತೆ, ಒಂದು ಹಂಪ್ ಇಳಿಯುವಾಗ, ಹ್ಯಾಂಡಲ್ ಭಾಗ ಕಿತ್ತು ಬಂದು ಇಬ್ಬರೂ ಬಿದ್ದಿದ್ದರು. ವೇಗ ಇಲ್ಲದ್ದರಿಂದ ಉಳಿದರು. ಹಿಂದೆ ಬಸ್ಸು ಬರುತ್ತಿತ್ತಂತೆ, ಸ್ವಲ್ಪದರಲ್ಲಿ ನಿಂತಿತಂತೆ. ಮಗಳು ಅಮ್ಮನ ಕೈ ನೋಡಿ ಅಳಲು ಶುರುಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಕೇಳಿದರು.

“ಆ ವೆಲ್ಡಿಂಗ್ ಯಾವಾಗ ಮಾಡ್ಸಿದ್ದು?”

ಗಾಡಿ ತೆಗೆದುಕೊಂಡ ವಾರದಲ್ಲೇ ಎಂದೆ. ಹೊಡೆಯುತ್ತಾರೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಕ್ಷಮಿಸಿ ಎಂದೆ, ನಿಮಗೆ ಬೇಜಾರಾಗಬಾರದು ಅಂತ ಹೇಳಲಿಲ್ಲ ಎಂದೆ. ಅವರ ಕಣ್ಣಲ್ಲಿ ನೀರಿತ್ತು, ನೋವಿಗಿರಬೇಕೆಂದು ಎಣಿಸಿದೆ.

“ನನ್ನ ತಮ್ಮ ಆಗಿದ್ರೆ ಮಾರನೇ ದಿನಾನೇ ಬಂದು ಜಗಳ ಆಡ್ತಿದ್ದ” ಎಂದರು. “ಏನಕ್ಕ, ಎಂಥ ಗುಜರಿ ಕೊಟ್ಟಿದ್ದೀಯ ಅಂತ ಕೂಗಾಡ್ತಿದ್ದ. ನೀನು ಊಟ ಮಾಡ್ಕೊಂಡು ಹೋಗ್ತಿದ್ದೆ, ಅಷ್ಟೇ.”

ನಾನು ಕೋಟ್ಲಾಕ್ಕೆ ನಡೆದುಕೊಂಡು ಬಂದೆ. ಗಾಡಿಯನ್ನು ಮಿಸ್ತ್ರಿ ಗುಜರಿಗೆ ಹಾಕಿದ. ನಂಬರ್ ಪ್ಲೇಟ್ ಬೇಕೇ ಎಂದು ಕೇಳಿದ, ಬೇಡವೆಂದೆ. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಬಟ್ಟೆ ಹಾಕಿಕೊಂಡು ಸಿದ್ಧನಾದೆ, ಆಮೇಲೆ ಮಂಚದ ಮೇಲೆ ಕೂತುಬಿಟ್ಟೆ. ಅದರ ಮುಂದಿನ ಭಾನುವಾರವೂ ಹಾಗೇ. ಮೇ ತಿಂಗಳಲ್ಲಿ ಅಕ್ಕನ ಮನೆಯಿಂದ ಎರಡು ಸಲ ಫೋನು ಬಂತು. ಮೊಬೈಲಿನಲ್ಲಿ ಆ ನಂಬರ್ ನೋಡುತ್ತ ಕೂತೆ, ತೆಗೆಯಲಿಲ್ಲ. ದುಡ್ಡು ತೆಗೆದುಕೊಂಡು ಹೋಗು ಎಂದು ಕರೆಯುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರು ಬೈಯುತ್ತಾರೆಂದಲ್ಲ, ಬೈಯದೆ ಮರ್ಯಾದೆಯಿಂದ ಮಾತಾಡುತ್ತಾರೆಂದು ಹೆದರಿದ್ದೆ.

ಒಂದು ಮಾತು ಕೇಳಿಸಿಕೊಳ್ಳುವ ಧೈರ್ಯ ಬರಲು ನನಗೆ ಆಗಸ್ಟ್ ಆಯಿತು. ಬೈದರೆ ಬೈಯಲಿ, ನಾನೂ ಬೈಯುತ್ತೇನೆ, ಅಂಥ ಗಾಡಿಯನ್ನು ಯಾರಾದರೂ ಕೊಡುತ್ತಾರಾ ಎಂದು ಕೇಳುತ್ತೇನೆ, ಜಗಳ ಆಡುತ್ತೇನೆ, ಆಮೇಲೆ ಕಾಲಿಗೆ ಬೀಳುತ್ತೇನೆ ಎಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಮಾತು ಜೋಡಿಸುತ್ತ ಹೋದೆ. ಬೆಲ್ ಒತ್ತಿದೆ. ತೆರೆದವಳು ಬೇರೆ ಹೆಂಗಸು, ತಲೆಗೆ ದುಪಟ್ಟಾ, ಕಂಕುಳಲ್ಲಿ ಮಗು. ಹಿಂದೆ ಗೋಡೆಗೆ ಹೊಸ ಸುಣ್ಣದ ವಾಸನೆ. ಮೊದಲಿದ್ದವರಿಗೆ ಬೆಂಗಳೂರಿನ ಕಡೆ ವರ್ಗವಾಯಿತು, ಮೇ ಕೊನೆಯಲ್ಲೇ ಸಾಮಾನು ಸಾಗಿಸಿದರು, ವಿಳಾಸ ಗೊತ್ತಿಲ್ಲ ಎಂದಳು. ಆ ಎರಡು ಫೋನು ಯಾಕೆ ಬಂದಿದ್ದವೆಂದು ಆಗ ತಿಳಿಯಿತು.

ನಾನು ಹೋಗದೆ ನಿಂತೇ ಇದ್ದೆ. ಅವಳಿಗೆ ಏನನ್ನಿಸಿತೋ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು.

“ಭಾಯಿ” ಎಂದೆ.

“ಭಾಯಿ ಹೋ, ಔರ್ ಪತಾ ನಹೀಂ?”

ತಮ್ಮನಾಗಿದ್ದೂ ಗೊತ್ತಿಲ್ಲವೇ ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ನಾನು ಏನು ಹೇಳುತ್ತೇನೆಂದು ಕಾಯುತ್ತ ನಿಂತಳು.